ಹನ್ನೆರಡು ನಾಸ್ತಿಕರ ಬಿಳಿ ವಾರ

ನವೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ದಿರ್ಚೆ ನಮ್ಮ ಬಾರಿಗೆ ಬಂದು ಕಟ್ಟೆಯ ಮೇಲೆ ಆಸ್ಪತ್ರೆಯ ಚೀಟಿಯೊಂದನ್ನು ಇಟ್ಟಳು. ಪಕ್ಕದಲ್ಲೇ ಕಾಫಿ ಕುಡಿಯುತ್ತ ನಿಂತಿದ್ದ ಗಂಡ ಅತೇಯೋನ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದಳು.

“ನೀವೆಸ್, ಇದನ್ನ ಜೋರಾಗಿ ಓದು. ನಾನು ಹೇಳಿದ್ರೆ ಇವನ ಕಿವಿಗೆ ಹೋಗಲ್ಲ.”

ಓದಿದೆ. ಫೆಬ್ರವರಿ ಇಪ್ಪತ್ತಕ್ಕೆ ಬಲಮಂಡಿಯ ಆಪರೇಷನ್. ಸವೆದ ಕೀಲು ತೆಗೆದು ಹೊಸದನ್ನು ಹಾಕುತ್ತಾರೆ. ಕೆಳಗೆ ಡಾಕ್ಟರು ತಮ್ಮ ಕೈಯಾರೆ ಒಂದು ಸಾಲು ಸೇರಿಸಿದ್ದರು: ಆಮೇಲೆ ಓಟ, ಜಿಗಿತ, ಸ್ಕೀ ಎಲ್ಲ ಬಂದ್.

“ಅಂದ್ರೆ ಉಳಿದಿರೋದು ಜನವರಿ,” ಎಂದಳು ದಿರ್ಚೆ. “ನಲವತ್ತಾರು ವರ್ಷದಿಂದ ಮುಂದಿನ ವರ್ಷ, ಮುಂದಿನ ವರ್ಷ ಅಂದ್ಕೊಂಡೇ ಬಂದ. ಇನ್ನು ಮುಂದಿನ ವರ್ಷ ಅನ್ನೋದೇ ಇಲ್ಲ. ನಾನು ಮೊಂಟೆಸೋರ್ದೋಗೆ ಹೋಗ್ತೀನಿ. ಬರೋನು ಬರ್ಲಿ, ಬರದೇ ಇರೋನು ಇಲ್ಲೇ ಇಸ್ಪೀಟಾಡ್ಕೊಂಡು ಬಿದ್ದಿರ್ಲಿ.”

“ಆಪರೇಷನ್ನಿಗೆ ಮುಂಚೆ ಸ್ಕೀ ಮಾಡಬಹುದು ಅಂತ ಡಾಕ್ಟ್ರು ಹೇಳಿದ್ರಾ?” ಎಂದು ಅತೇಯೋ ಕೇಳಿದ.

“ಅದನ್ನ ಅವ್ರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

ನಮ್ಮ ಬಸ್ಸಾರೋಲ ಪೋ ನದಿಯ ಬಯಲಿನ ಊರು. ಚರ್ಚಿನ ಗಂಟೆಗೋಪುರ ಬಿಟ್ಟರೆ ಇಲ್ಲಿ ಎತ್ತರವೆಂದರೆ ಹೊಳೆಯ ಏರಿ ಮಾತ್ರ. ಚರ್ಚಿನ ಎದುರಿಗೆ, ರಸ್ತೆಯ ಈ ಬದಿಗೆ, ‘ಜನರ ಮನೆ’ ಇದೆ. ಕೆಂಪು ಬಾವುಟದವರು ಯುದ್ಧ ಮುಗಿದ ಮೇಲೆ ತಾವೇ ಇಟ್ಟಿಗೆ ಹೊತ್ತು ಕಟ್ಟಿದ ಕ್ಲಬ್ಬು ಅದು. ಅದರ ಬಾರನ್ನು ಇಪ್ಪತ್ತು ವರ್ಷದಿಂದ ನಡೆಸುತ್ತಿರುವವಳು ನಾನು. ನನ್ನ ಹೆಸರಿನ ಅರ್ಥ ಹಿಮ ಎಂದು. ಹೆಸರಿಟ್ಟ ಅಪ್ಪ ಹಿಮದ ಬೆಟ್ಟವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೇ ಕೊನೆ.

ಅತೇಯೋನ ಹೆಸರಿನ ಕತೆ ಇನ್ನೂ ಸೊಗಸು. ಮಗುವಿಗೆ ಸ್ನಾನದೀಕ್ಷೆ ಕೊಡಿಸಬೇಕೆಂದು ಅಜ್ಜಿ ಹಟ ಹಿಡಿದಿದ್ದಕ್ಕೆ ಸಿಟ್ಟಾದ ಅವನಪ್ಪ ಸೀದಾ ಮುನಿಸಿಪಾಲಿಟಿಗೆ ನಡೆದು ‘ಅತೇಯೋ’ ಎಂದು ಬರೆಸಿ ಬಂದ. ಅತೇಯೋ ಎಂದರೆ ನಾಸ್ತಿಕ. ಹೆಸರಿಗೆ ತಕ್ಕಂತೆಯೇ ಬೆಳೆದ. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು, ಅದರಲ್ಲಿ ಅರ್ಧ ಮುಷ್ಕರದಲ್ಲಿ ಕಳೆದು, ಈಗ ಪಿಂಚಣಿಯಲ್ಲಿ ನಮ್ಮ ಕ್ಲಬ್ಬಿನ ಅಧ್ಯಕ್ಷ. ದಿರ್ಚೆ ಮಾತ್ರ ಬೆಟ್ಟದವಳು. ಮೊಂಟೆಸೋರ್ದೋದಲ್ಲಿ ಹುಟ್ಟಿ, ಸ್ಕೀ ಕಟ್ಟಿಕೊಂಡೇ ಶಾಲೆಗೆ ಹೋಗುತ್ತಿದ್ದವಳು. ಹತ್ತೊಂಬತ್ತಕ್ಕೆ ಬಯಲಿಗಿಳಿದು ಸ್ವೆಟರ್ ಹೆಣೆಯುವ ಕಾರ್ಖಾನೆ ಸೇರಿದಳು. ಮೆರವಣಿಗೆಯೊಂದರಲ್ಲಿ ಅತೇಯೋ ಅವಳ ಕಾಲು ತುಳಿದ. ಅಲ್ಲಿಂದ ಶುರುವಾದದ್ದು.

ಮದುವೆ ಊಟದ ದಿನ ಅವನು ಎಲ್ಲರೆದುರು ಎದ್ದು ನಿಂತು ಹೇಳಿದ್ದ, ಬರುವ ಚಳಿಗಾಲಕ್ಕೆ ಇವಳನ್ನು ಅವಳೂರಿಗೆ ಬಿಳಿ ವಾರಕ್ಕೆ, ಅಂದರೆ ಒಂದು ವಾರದ ಸ್ಕೀ ರಜೆಗೆ, ಕರೆದೊಯ್ಯುತ್ತೇನೆ, ನಾನೂ ಇವಳ ಜೊತೆ ಬೆಟ್ಟ ಇಳಿಯುತ್ತೇನೆ ಎಂದು. ಆ ಚಳಿಗಾಲ ಮುಷ್ಕರ ಬಂತು. ಮರುವರ್ಷ ಮಗಳು ಬಂದಳು. ಆಮೇಲೆ ಸೂರು ಸೋರಿತು, ಕ್ಲಬ್ಬಿನ ಅಡುಗೆಮನೆಗೆ ಹೊಸ ಒಲೆ ಬೇಕಾಯಿತು. ಒಂದು ವರ್ಷ ಎಲ್ಲ ಸರಿಯಾಗಿತ್ತು, ಅಷ್ಟರಲ್ಲಿ ಪಕ್ಷವೇ ಎರಡು ಹೋಳಾಯಿತು. ಇಂಥ ಹೊತ್ತಿನಲ್ಲಿ ಜಾರುಬಂಡಿ ಆಡುವುದೇ ಎಂದ.

ಈ ಸಲ ಅವನಿಗೆ ನೆವ ಹುಟ್ಟಲಿಲ್ಲ. ಬಾರಿನ ಫೋನು ಹಿಡಿದು ಕೂತ. ಕ್ಲಬ್ಬಿಗೆ ಕ್ಲಬ್ಬೇ ಸುತ್ತ ನಿಂತು ಕೇಳಿಸಿಕೊಂಡಿತು.

ಮೊಂಟೆಸೋರ್ದೋ ಎಂದರೆ ಕಿವುಡುಗುಡ್ಡ. ಅಲ್ಲಿನ ಗದ್ದಲ ಕೇಳಿದವರಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಮಧ್ಯಾಹ್ನ ಮೂರಾಯಿತೆಂದರೆ ಇಳಿಜಾರಿನ ಬುಡದಲ್ಲಿ ತುತ್ತೂರಿಯವರು ಶುರುಮಾಡುತ್ತಾರೆ. ಬೆಟ್ಟ ಇಳಿದವರು ಬೂಟು ಕೂಡ ಬಿಚ್ಚದೆ ಮೇಜು ಹತ್ತಿ ಕುಣಿಯುತ್ತಾರೆ. ಅಂಥ ಊರಿನಲ್ಲಿ ಮಲಗುವ ಜಾಗ ಅಗ್ಗಕ್ಕೆ ಸಿಗುತ್ತದೆಯೇ? ಮೊದಲ ಹೋಟೆಲಿನವಳು ಹೇಳಿದ ರೇಟು ಕೇಳಿ ಅತೇಯೋ, “ಅಮ್ಮಾ, ನಾನು ಹೋಟೆಲ್ ಕೊಂಡ್ಕೊಳ್ತಿಲ್ಲ, ಮಲಗೋಕೆ ಕೇಳ್ತಿದೀನಿ,” ಎಂದು ಫೋನಿಟ್ಟ. ಎರಡನೆಯವನು ಬಿಸಿಯಾವಿ ಕೋಣೆ, ಕಲ್ಲಿನ ಮಾಲೀಸು, ದಿಂಬಿನಲ್ಲಿ ಏಳು ಬಗೆ ಎಂದೆಲ್ಲ ಹೇಳತೊಡಗಿದ.

“ಯಾವ ಹೋಟ್ಲು ಅದು?” ಎಂದು ದಿರ್ಚೆ ಕೇಳಿದಳು.

ಅತೇಯೋ ಹೆಸರು ಹೇಳಿದ.

“ಇಡು ಫೋನು. ಅದು ನಮ್ಮನೆ. ಅಪ್ಪ ಸತ್ತ ಮೇಲೆ ಅಣ್ಣ ಮಾರಿದ್ನಲ್ಲ, ಅದೇ. ಆ ಬಿಸಿಯಾವಿ ಕೋಣೆ ಇದೆಯಲ್ಲ, ಅದು ನಮ್ಮ ದನದ ಕೊಟ್ಟಿಗೆ. ಹಸು ಸೆಗಣಿ ಹಾಕ್ತಿದ್ದ ಜಾಗದಲ್ಲಿ ಬರಿಮೈಲಿ ಕೂರೋಕೆ ನಾನು ದುಡ್ಡು ಕೊಡ್ಬೇಕಾ?”

ಕ್ಲಬ್ಬಿನವರು ಒಬ್ಬೊಬ್ಬರೂ ಒಂದೊಂದು ಉಪಾಯ ತಂದರು. ವ್ಯಾನಿನಲ್ಲೇ ಮಲಗಿ ಎಂದರು, ಕೆಳಗಿನ ಕಣಿವೆಯಲ್ಲಿ ರೂಮು ಹಿಡಿದು ಬಸ್ಸಿನಲ್ಲಿ ಹತ್ತಿ ಎಂದರು. ಸ್ಕೀ ಬೂಟುಗಳನ್ನು ಮೇಲೆ ಬಾಡಿಗೆಗೆ ತೆಗೆದುಕೊಳ್ಳಬೇಡಿ, ಕೆಳಗಿನ ಪೇಟೆಯಲ್ಲಿ ಅರ್ಧಕ್ಕೆ ಸಿಗುತ್ತವೆ ಎಂದು ದಿರ್ಚೆಯೇ ಹೇಳಿದಳು. ಹಬ್ಬದ ಗಲಾಟೆ ಮುಗಿದ ಜನವರಿ ನಡುವಿನ ವಾರವೇ ಅಗ್ಗ. ತಂತಿಯ ಮೇಲೆ ಬೆಟ್ಟ ಹತ್ತಿಸುವ ತೂಗುಕುರ್ಚಿಯ ಪಾಸು ಮಧ್ಯಾಹ್ನದ ಮೇಲಿನದ್ದು ತೆಗೆದುಕೊಂಡರೆ ಇನ್ನೂ ಅಗ್ಗ. ಮೇಲಿನ ಹೋಟೆಲಿನಲ್ಲಿ ಉಣ್ಣದೆ ಬುತ್ತಿ ಕಟ್ಟಿಕೊಂಡು ಹೋದರೆ ಆಯಿತು. ಎಲ್ಲ ಸರಿ. ತಲೆಯಿಡಲು ಜಾಗ ಒಂದು ಸಿಗಬೇಕಿತ್ತು.

ಕೊನೆಗೆ ಹೊಳೆದದ್ದೂ ಅವಳಿಗೇ. “ಇಳಿಜಾರಿನ ಪಕ್ಕದಲ್ಲೇ ಸಿಸ್ಟರುಗಳ ಕಾನ್ವೆಂಟಿದೆ. ಯಾತ್ರಿಕರಿಗೆ ರೂಮು ಕೊಡ್ತಾರೆ. ಬೆಳಿಗ್ಗೆ ತಿಂಡಿ, ರಾತ್ರಿ ಊಟ ಸೇರಿ ಹೋಟ್ಲಿನ ಕಾಲುಭಾಗ.”

ಇಸ್ಪೀಟಿನ ಮೇಜಿನವರು ತಲೆಯೆತ್ತಿ ಅಧ್ಯಕ್ಷನ ಮುಖ ನೋಡಿದರು. ಆಮೇಲೆ ಅತೇಯೋ ಫೋನು ತಿರುಗಿಸಿದ. ಆ ಕಡೆಯ ಸಿಸ್ಟರು ಎರಡು ಷರತ್ತು ಹೇಳಿದರು. ಗುಂಪಿನಲ್ಲಿ ಹನ್ನೆರಡು ಮಂದಿಗೆ ಕಡಿಮೆ ಇರಬಾರದು. ಜೊತೆಗೆ, ಇವರು ಯಾತ್ರಿಕರು ಎಂದು ಊರಿನ ಪಾದ್ರಿಗಳ ಪತ್ರ ಬೇಕು.

ಹನ್ನೆರಡು ಮಂದಿ ಅರ್ಧ ಗಂಟೆಯಲ್ಲಿ ಸಿಕ್ಕರು. ಅಷ್ಟು ಅಗ್ಗಕ್ಕೆ ಬೆಟ್ಟವೆಂದ ಮೇಲೆ ನಾನೂ ಹೆಸರು ಕೊಟ್ಟೆ. ಕ್ಲಬ್ಬಿನ ವ್ಯಾನು ಓಡಿಸುವ ಇವೋ ಕೊಟ್ಟ. ಇಸ್ಪೀಟಿನ ಮೇಜಿನವರು ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕೊಟ್ಟರು. ಕಷ್ಟವಿದ್ದದ್ದು ಪತ್ರದ ವಿಷಯದಲ್ಲಿ.

ಪಾದ್ರಿ ದೋನ್ ಎರ್ಮೆಸ್ ಮತ್ತು ಅತೇಯೋ ನಡುವೆ ಮಾತಿಲ್ಲದೆ ಮೂವತ್ತು ವರ್ಷ. ಮೇ ಒಂದನೇ ತಾರೀಕು ಅತೇಯೋ ಮೈಕು ಹಿಡಿದು ಭಾಷಣ ಶುರುಮಾಡಿದ ಕೂಡಲೇ ಚರ್ಚಿನ ಗಂಟೆ ಹೊಡೆಯುತ್ತದೆ. ಸಂತರ ಮೆರವಣಿಗೆ ನಮ್ಮ ಬಾಗಿಲು ದಾಟುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕೆಂಪು ಹಾಡು ಮೊಳಗುತ್ತದೆ. ಅದೇ ಪಾದ್ರಿಗಳು ದಿನಾ ಬೆಳಿಗ್ಗೆ ಆರೂವರೆಗೆ, ಕಾಮ್ರೇಡುಗಳು ಹಾಸಿಗೆ ಬಿಡುವ ಮೊದಲು, ಹಿಂಬಾಗಿಲಿನಿಂದ ಬಂದು ನನ್ನಲ್ಲಿ ಕಾಫಿ ಕುಡಿದು ಹೋಗುತ್ತಾರೆಂಬುದು ನನಗೂ ದೇವರಿಗೂ ಮಾತ್ರ ಗೊತ್ತಿದ್ದ ಸಂಗತಿ. ಮರುದಿನ ಆರೂವರೆಗೆ ಅತೇಯೋನನ್ನು ಕರೆಸಿ ಕೂರಿಸಿದೆ. ನಮ್ಮ ಕ್ಲಬ್ಬಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಎಲ್ಲರೂ ‘ನೀನು’. ಪಾದ್ರಿಗಳಿಗೆ ಮಾತ್ರ ‘ನೀವು’. ಅದು ಮರ್ಯಾದೆಗಲ್ಲ, ದೂರ ಇಡಲು.

“ಪಾದ್ರಿಗಳೇ, ಒಂದು ಪತ್ರ ಬೇಕಿತ್ತು,” ಎಂದ ಅತೇಯೋ, ಗೋಡೆಯನ್ನು ನೋಡುತ್ತ.

“ಮದುವೆಗೋ, ಮಣ್ಣಿಗೋ?”

“ಸ್ಕೀಗೆ.”

ದೋನ್ ಎರ್ಮೆಸ್ ಕಪ್ಪು ಕೆಳಗಿಟ್ಟರು. ಅತೇಯೋ ವಿಷಯ ಹೇಳಿದ. ಮಂಡಿ, ಫೆಬ್ರವರಿ ಇಪ್ಪತ್ತು, ಕಾನ್ವೆಂಟು, ಹನ್ನೆರಡು ಮಂದಿ. ಕೇಳುತ್ತ ಕೇಳುತ್ತ ಪಾದ್ರಿಗಳ ಮುಖ ಬೇರೆಯಾಯಿತು.

“ಸುಳ್ಳು ಬರೆದುಕೊಡು ಅಂತೀಯ. ಬರೆದ್ರೆ ಪಾಪ ಸುತ್ತಿಕೊಳ್ಳೋದು ನನಗೆ. ನಿನಗೇನಯ್ಯ, ನಿನ್ನ ಪುಸ್ತಕದಲ್ಲಿ ಪಾಪ ಅನ್ನೋ ಪದಾನೇ ಇಲ್ಲ.”

“ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ನಾನು ಬೇಡ್ಕೊಳ್ಳಲ್ಲ.”

“ಆಗಲ್ಲ ಅಂತ ಯಾರು ಹೇಳಿದ್ದು? ನಾನೂ ಬರ್ತೀನಿ. ಯಾತ್ರೆಗೆ ಪಾದ್ರಿ ಇದ್ರೆ ಅದು ಯಾತ್ರೆನೇ, ಸುಳ್ಳಾಗಲ್ಲ.” ದೋನ್ ಎರ್ಮೆಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಸೆಮಿನರಿಲಿ ನಾನು ಸ್ಕೀ ತಂಡದಲ್ಲಿದ್ದೆ, ಗೊತ್ತಾ? ಈ ಬಯಲಿಗೆ ಹಾಕಿದ್ರು, ಮುಗೀತು. ಸ್ಕೀ ಅಂದ್ರೆ ಬಿಷಪ್ಪರು ರಜ ಕೊಡಲ್ಲ, ಯಾತ್ರೆ ಅಂದ್ರೆ ಕೊಡ್ತಾರೆ. ಒಂಬತ್ತು ವರ್ಷದಿಂದ ನಮ್ಮ ಚರ್ಚಿನವರನ್ನ ಕೇಳ್ತಾನೇ ಇದೀನಿ, ಎಲ್ಲಾದ್ರೂ ಬೆಟ್ಟದ ಕಡೆ ಯಾತ್ರೆ ಹೋಗೋಣ ಅಂತ. ಎಲ್ರೂ ಪಾದುವಾ, ಪಾದುವಾ ಅಂತಾರೆ. ಪಾದುವಾ ರೊಟ್ಟಿ ಹಂಚಿನ ಹಾಗೆ ಸಪಾಟು.”

“ನೀವು ಸೇರಿದ್ರೆ ಹದಿಮೂರಾಗುತ್ತೆ,” ಎಂದೆ ನಾನು. “ಏಸುವಿನ ಕೊನೆಯ ಊಟದ ಹಾಗೆ, ಹನ್ನೆರಡು ಮತ್ತೊಂದು. ಅದರಲ್ಲಿ ಹಿಡಿದುಕೊಡೋ ಯೂದ ಯಾರು?”

“ಊಟದ ಹೊತ್ತಿಗೆ ಗೊತ್ತಾಗುತ್ತೆ ಬಿಡು,” ಎಂದ ಅತೇಯೋ.

ಪತ್ರ ಅಲ್ಲೇ ಬರೆದರು. ‘ಈ ಹನ್ನೆರಡು ಮಂದಿ ಬಹುಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡ ಹಂಬಲವೊಂದನ್ನು ಹೊತ್ತು, ಎತ್ತರದತ್ತ ಕಣ್ಣು ನೆಟ್ಟು, ತಮ್ಮಲ್ಲಿಗೆ ಬರುತ್ತಿದ್ದಾರೆ.’ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಡಿಸೆಂಬರೆಲ್ಲ ತಯಾರಿ ನಡೆಯಿತು. ಸ್ಕೀ ಹೇಗಿರುತ್ತದೆಂದು ಕಲಿಸಲು ದಿರ್ಚೆ ಹೊಳೆಯ ಏರಿಯ ಮೇಲಿನಿಂದ ಕೆಳಗಿನವರೆಗೆ ಮೇವು ಮುಚ್ಚುವ ಪ್ಲಾಸ್ಟಿಕ್ ಹಾಸಿಸಿ ಅದರ ಮೇಲೆ ಸೋಪುನೀರು ಸುರಿಸಿದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೇಲಿನಿಂದ ಹೊರಟವರು ಎಲ್ಲಿ ಹೋದರೆಂದು ಕೂಗಿ ಕೇಳಬೇಕಿತ್ತು. ಇವೋ ಒಮ್ಮೆ ಹೊರಟವನು ಉತ್ತರಿಸಲೇ ಇಲ್ಲ. ಆಚೆಯ ಕಾಲುವೆಯಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು ಸಿಗರೇಟು ಹುಡುಕುತ್ತಿದ್ದ. ಅತೇಯೋ ಏರಿಯ ಮೇಲೆ ನಿಂತು ಎಲ್ಲರಿಗೂ ಬುದ್ಧಿ ಹೇಳಿದನೇ ಹೊರತು ತಾನು ಒಮ್ಮೆಯೂ ಇಳಿಯಲಿಲ್ಲ.

ಪ್ರಾರ್ಥನೆ ಕಲಿಯುವುದೂ ಇತ್ತಲ್ಲ. ಯಾತ್ರಿಕರಿಗೆ ಕನಿಷ್ಠ ‘ನಮೋ ಮರಿಯ’ ಬಾರದಿದ್ದರೆ ಹೇಗೆಂದು ಒಂದು ಸಂಜೆ ಬಾರಿನ ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿದೆ. ಮೊದಲ ಸಾಲು ಹೇಳುವಷ್ಟರಲ್ಲಿ ಹತ್ತು ಮಂದಿ ತಲೆ ತಗ್ಗಿಸಿಕೊಂಡು ಉಳಿದದ್ದನ್ನು ಪೂರ್ತಿ ಹೇಳಿ ಮುಗಿಸಿದರು. ಅಜ್ಜಿ ಕಲಿಸಿದ್ದು ಎಂದರು. ಐವತ್ತು ವರ್ಷ ಪಕ್ಷಕ್ಕೆ ಗೊತ್ತಾಗದ ಹಾಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಬಾಯಿಗೆ ಒಂದು ಪದವೂ ಬಾರದೆ ಉಳಿದವನು ಅತೇಯೋ ಒಬ್ಬನೇ.

ಜನವರಿಯ ಮೂರನೇ ಭಾನುವಾರ ಹೊರಟೆವು. ವ್ಯಾನಿನ ಎರಡೂ ಪಕ್ಕೆಗೆ ‘ಜನರ ಮನೆ, ಬಸ್ಸಾರೋಲ’ ಎಂದು ಕೆಂಪಕ್ಷರಗಳಿದ್ದವು. ಅವುಗಳ ಮೇಲೆ ಹಾಸಿಗೆ ಬಟ್ಟೆ ಬಿಗಿದು, ‘ಯಾತ್ರಿಕರು’ ಎಂದು ಬರೆಸಿದ್ದೆವು. ವೆರೋನಾ ದಾಟಿದ ಮೇಲೆ ಬೀಸಿದ ಗಾಳಿಗೆ ಎರಡೂ ಬಟ್ಟೆ ಹಾರಿಹೋದವು. ಒಳಗೆ ಹಾಡುತ್ತ, ಲಂಬ್ರುಸ್ಕೋ ವೈನ್ ಕುಡಿಯುತ್ತ ಕೂತಿದ್ದ ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ; ಇಳಿದ ಮೇಲೂ ಎಲ್ಲರ ಕಣ್ಣು ಬೆಟ್ಟದ ಮೇಲೇ ಇತ್ತು.

ಕಾನ್ವೆಂಟಿನ ಬಾಗಿಲಿನಲ್ಲಿ ಮದರ್ ಕ್ಲೇಲಿಯಾ ನಿಂತಿದ್ದರು. ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ಹಿಮ ತೆಗೆಯುವ ಸಲಿಕೆ ಕೈಯಲ್ಲಿತ್ತು. ಒಬ್ಬೊಬ್ಬರ ಗುರುತಿನ ಚೀಟಿ ತೆಗೆದುಕೊಂಡು ಪುಸ್ತಕಕ್ಕೆ ಬರೆದುಕೊಳ್ಳುತ್ತ ಬಂದವರು ಅತೇಯೋನದಕ್ಕೆ ಬಂದು ನಿಂತರು.

“ಅತೇಯೋ?”

“ಅದು ಮತ್ತೇಯೋ, ಮದರ್,” ಎಂದ ಅವನು. ಸಂತ ಮತ್ತಾಯನ ಹೆಸರು. ದಾರಿಯುದ್ದಕ್ಕೂ ಇದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. “ಮುನಿಸಿಪಾಲಿಟಿ ಗುಮಾಸ್ತ ಒಂದಕ್ಷರ ನುಂಗಿಬಿಟ್ಟ.”

“ಒಂದಲ್ಲ, ಎರಡು. ‘ಮ’ನೂ ನುಂಗಿದಾನೆ, ಒಂದು ‘ತ’ನೂ ನುಂಗಿದಾನೆ. ಹಸಿದಿದ್ದ ಅನ್ಸುತ್ತೆ ಪಾಪ.” ಚೀಟಿ ಹಿಂದಿರುಗಿಸಿದರು. “ಆಯ್ತು, ಮತ್ತೇಯೋ. ಗುಂಪಿಗೆ ನೀವೇ ಹಿರಿಯರಲ್ವಾ? ಇವತ್ತು ಊಟಕ್ಕೆ ಮುಂಚಿನ ಪ್ರಾರ್ಥನೆ ನಿಮ್ದು.”

ದೋನ್ ಎರ್ಮೆಸ್ ಕೆಮ್ಮಿದರು. ನಾವೆಲ್ಲ ನಮ್ಮ ನಮ್ಮ ಚೀಲಗಳನ್ನು ಬಹಳ ಮುತುವರ್ಜಿಯಿಂದ ಎತ್ತಿಕೊಂಡೆವು.

ಊಟದ ಕೋಣೆಯಲ್ಲಿ ಒಂಬತ್ತು ಮಂದಿ ಸಿಸ್ಟರುಗಳು ಒಂದು ಕಡೆ, ನಾವು ಒಂದು ಕಡೆ. ನಡುವೆ ಒಣಬ್ರೆಡ್ಡಿನ ಉಂಡೆ ಹಾಕಿದ ಬಿಸಿ ಸಾರು ಹೊಗೆಯಾಡುತ್ತಿತ್ತು. ಅತೇಯೋ ಎದ್ದ. ಎದುರಿನ ಗೋಡೆಯ ಶಿಲುಬೆ ನೋಡಿದ, ಸಾರು ನೋಡಿದ, ಹೆಂಡತಿಯನ್ನು ನೋಡಿದ. ಅವಳು ನಗು ತಡೆಯಲು ಕರವಸ್ತ್ರ ಕಚ್ಚಿಕೊಂಡಿದ್ದಳು. ಕೊನೆಗೆ ಕಾರ್ಖಾನೆಯ ಸಭೆಗಳಲ್ಲಿ ಮಾತಾಡುತ್ತಿದ್ದ ಹಾಗೆ ಎರಡೂ ಕೈ ಮೇಜಿನ ಮೇಲೆ ಊರಿ ಶುರುಮಾಡಿದ.

“ಈ ಊಟಾನ ಯಾರೋ ಬೆಳೆದ್ರು, ಯಾರೋ ಹೊತ್ತು ತಂದ್ರು, ಯಾರೋ ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಬೇಯ್ಸಿದ್ರು. ಅವ್ರಿಗೆ ನಮಸ್ಕಾರ. ಎಲ್ರಿಗೂ ಒಂದು ಸಲ ಬಡಿಸೋವರೆಗೂ ಯಾರೂ ಎರಡನೇ ಸಲ ಹಾಕಿಸ್ಕೋಬಾರ್ದು. ಈ ಹೊತ್ತು ಊಟ ಇಲ್ದೇ ಇರೋರ್ಗೆ ನಾಳೆ ಸಿಗ್ಲಿ, ಅದು ತಾನಾಗೇ ಸಿಗಲ್ಲ, ನಾವು ಏನಾದ್ರೂ ಮಾಡ್ಬೇಕು.” ಇಷ್ಟು ಹೇಳಿ ಅಭ್ಯಾಸಬಲದಿಂದ ಕೈ ಮುಷ್ಟಿಯಾಗಿ ಮೇಲೇಳುವುದರಲ್ಲಿತ್ತು. ದೋನ್ ಎರ್ಮೆಸ್ ಅದನ್ನು ಹಿಡಿದು ಕೆಳಗಿಳಿಸಿ, “ಆಮೆನ್,” ಎಂದರು.

“ಆಮೆನ್,” ಎಂದರು ಒಂಬತ್ತು ಸಿಸ್ಟರುಗಳು. ಮದರ್ ಕ್ಲೇಲಿಯಾ ಚಮಚ ಎತ್ತಿಕೊಳ್ಳುತ್ತ, “ನಾಳೆನೂ ನೀವೇ ಹೇಳಿ,” ಎಂದರು.

ಸೋಮವಾರ ಮಧ್ಯಾಹ್ನ ದಿರ್ಚೆ ಬೆಟ್ಟಕ್ಕೆ ಹತ್ತಿದಳು. ಬಾಡಿಗೆ ಸ್ಕೀ, ಮೂವತ್ತು ವರ್ಷ ಹಳೆಯ ನೀಲಿ ಜಾಕೆಟ್ಟು, ಮಂಡಿಗೆ ನಾನೇ ಬಿಗಿದು ಕಟ್ಟಿದ ಪಟ್ಟಿ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುವ ಹೆಂಗಸು ಅವಳು. ನಾವೆಲ್ಲ ಬುಡದಲ್ಲಿ ಕತ್ತು ಎತ್ತಿ ನಿಂತಿದ್ದೆವು. ಮೇಲೆ ಚುಕ್ಕೆಯ ಹಾಗೆ ನೀಲಿ ಕಂಡಿತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಅವಸರವೇ ಇಲ್ಲದೆ, ಹಿಮದ ಮೇಲೆ ಯಾರೋ ಕೈಬರಹದ ಪಾಠ ಮಾಡುತ್ತಿರುವ ಹಾಗೆ ಇಳಿದು ಬಂದು ನಮ್ಮೆದುರು ನಿಂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಕೆನ್ನೆ ಕೆಂಪಾಗಿತ್ತು. ಅವಳನ್ನು ಅಷ್ಟು ವರ್ಷ ಬಲ್ಲ ನನಗೆ ಇವಳು ಯಾರೋ ಬೇರೆಯವಳೆನ್ನಿಸಿತು.

“ನೋಡಿದ್ಯಾ?” ಎಂದಳು ಗಂಡನಿಗೆ.

“ನೋಡ್ದೆ,” ಎಂದ ಅವನು.

“ಬಾ ಹಾಗಾದ್ರೆ. ಮಕ್ಕಳ ಇಳಿಜಾರು ಅಲ್ಲಿದೆ. ಕೈ ಹಿಡ್ಕೋತೀನಿ.”

ಅವನು ಹೋಗಲಿಲ್ಲ. ಬೂಟು ಚಿಕ್ಕದು ಎಂದ. ಮಂಗಳವಾರ ಬೆನ್ನು ಹಿಡಿದಿದೆ ಎಂದ. ನಾವು ಉಳಿದವರೆಲ್ಲ ದೋನ್ ಎರ್ಮೆಸ್ ಹಿಂದೆ ಬಾತುಕೋಳಿಗಳ ಹಾಗೆ ಸಾಲಾಗಿ ಬಿದ್ದು ಎದ್ದು ಕಲಿಯುತ್ತಿದ್ದರೆ, ಅವನು ಇಳಿಜಾರಿನ ಬುಡದ ಬಾರಿನಲ್ಲಿ ತುತ್ತೂರಿಯವರ ಸ್ನೇಹ ಮಾಡಿಕೊಂಡು ಬೊಂಬಾರ್ದಿನೋ ಕುಡಿಯುತ್ತಿದ್ದ. ಮೊಟ್ಟೆ, ಬ್ರಾಂದಿ ಬೆರೆಸಿ ಕುದಿಬಿಸಿಯಾಗಿ ಕೊಡುವ ಆ ಪಾನೀಯದ ಎರಡು ಲೋಟಕ್ಕೆ ಎಂಥವನಿಗೂ ಬೆನ್ನುನೋವು ಮರೆಯುತ್ತದೆ. ನಿಜ ಏನೆಂದರೆ ಅವನಿಗೆ ಎತ್ತರದ ಭಯ. ಕ್ಲಬ್ಬಿನ ಬಲ್ಬು ಬದಲಾಯಿಸಲು ಏಣಿ ಹತ್ತದವನು. ಇದು ದಿರ್ಚೆಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಲಿ ಎಂದು ನಲವತ್ತಾರು ವರ್ಷ ಕಾದಿದ್ದಳು.

ಬುಧವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಮದರ್ ಕ್ಲೇಲಿಯಾ ನಮ್ಮ ಮೇಜಿಗೆ ಬಂದರು.

“ವ್ಯಾನನ್ನ ಹಿಂದಗಡೆ ಸೌದೆಮನೆ ಹತ್ರ ನಿಲ್ಸಿ. ಇವತ್ತು ಬಿಷಪ್ಪರ ಕಡೆಯವರೊಬ್ರು ಬರ್ತಾರೆ. ಅಷ್ಟು ದೊಡ್ಡ ಕೆಂಪಕ್ಷರ ಅವ್ರ ಕಣ್ಣಿಗೆ ಬೀಳೋದು ಬೇಡ.”

ಇವೋನ ಕೈಯಿಂದ ಬ್ರೆಡ್ಡು ಹಾಲಿಗೆ ಬಿತ್ತು. ಅತೇಯೋ ಕೇಳಿದ, “ಯಾವಾಗ ನೋಡಿದ್ರಿ?”

“ಭಾನುವಾರ, ನೀವು ಇಳಿದಾಗ. ನಾವು ಸನ್ಯಾಸಿನಿಯರು, ಕುರುಡಿಯರಲ್ಲ.”

“ಮತ್ತೆ ಒಳಗೆ ಬಿಟ್ರಿ.”

“ಹದಿಮೂರು ಹಾಸಿಗೆ ಖಾಲಿ ಇದ್ವು. ಆಮೇಲೆ, ನಿಮ್ಮವರು ಉಂಡ ತಟ್ಟೆ ತಾವೇ ತೊಳೀತಾರೆ. ನಾನು ಬಂದ ಇಪ್ಪತ್ತೆರಡು ವರ್ಷದಲ್ಲಿ ಯಾವ ಯಾತ್ರಿಕರೂ ತೊಳೆದಿಲ್ಲ.” ಹೋಗುತ್ತ ತಿರುಗಿ, “ಪ್ರಾರ್ಥನೆಲಿ ಆ ‘ಏನಾದ್ರೂ ಮಾಡ್ಬೇಕು’ ಅನ್ನೋದನ್ನ ಬಿಡ್ಬೇಡಿ. ನಮ್ಮ ಚಿಕ್ಕ ಸಿಸ್ಟರಿಗೆ ಬಹಳ ಹಿಡಿಸಿದೆ,” ಎಂದರು.

ಗುರುವಾರ ಆಗಬಾರದ್ದು ಆಯಿತು. ಎರಡು ಗಂಟೆಯ ಹೊತ್ತಿಗೆ ದಿರ್ಚೆ ನಾಲ್ಕನೆಯ ಸಲ ಇಳಿಯುತ್ತಿದ್ದಳು. ನಡುಬೆಟ್ಟದಲ್ಲಿ ನೀಲಿ ಜಾಕೆಟ್ಟು ನಿಂತದ್ದು, ಆಮೇಲೆ ಕುಸಿದು ಕೂತದ್ದು ಕೆಳಗಿನಿಂದಲೇ ಕಂಡಿತು. ಹಿಂದೆ ಬರುತ್ತಿದ್ದ ದೋನ್ ಎರ್ಮೆಸ್ ನಿಂತು, ತಮ್ಮ ಸ್ಕೀಗಳನ್ನು ಬಿಚ್ಚಿ ಅವಳ ಮೇಲ್ಗಡೆ ಅಡ್ಡಡ್ಡ ನೆಟ್ಟರು. ಯಾರಿಗೋ ಪೆಟ್ಟಾಗಿದೆ ಎಂಬ ಗುರುತು ಅದು.

ಅತೇಯೋ ಲೋಟ ಕೆಳಗಿಟ್ಟ. ತೂಗುಕುರ್ಚಿಯ ಕಡೆ ನಡೆದ. ನಾನು ಹಿಂದೆ ಓಡಿದೆ.

“ರಕ್ಷಣೆಯವರು ಬರ್ತಾರೆ, ಅವರೇ ಕರ್ಕೊಂಡ್ ಬರ್ತಾರೆ. ನೀನು ಹೋಗಿ ಮಾಡೋದೇನು?”

“ಪಕ್ಕದಲ್ಲಿ ಕೂತ್ಕೋತೀನಿ.”

ಕುರ್ಚಿ ನಮ್ಮಿಬ್ಬರನ್ನು ಎತ್ತಿಕೊಂಡು ಹೊರಟಿತು. ಅವನು ಕಣ್ಣು ಮುಚ್ಚಿ ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದ. ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ ಬೈಗುಳವೋ ನಾನು ಕೇಳಲು ಹೋಗಲಿಲ್ಲ. ಮೇಲೆ ಇಳಿದ ಕೂಡಲೇ, ಮಾಮೂಲಿ ಬೂಟಿನಲ್ಲೇ, ಇಳಿಜಾರಿನ ಅಂಚಿನ ಮರಗಳ ಪಕ್ಕ ತೊಡೆಯವರೆಗೆ ಹಿಮದಲ್ಲಿ ಹೂತುಕೊಳ್ಳುತ್ತ ಇಳಿಯತೊಡಗಿದ. ಅವನ ಹೆಜ್ಜೆಗುಂಡಿಗಳಲ್ಲೇ ಕಾಲಿಡುತ್ತ ನಾನೂ ಹಿಂದೆ ಇಳಿದೆ. ಹಾದುಹೋಗುವವರು ಬೈದರು. ಒಬ್ಬ ಜರ್ಮನಿಯವನು ತನ್ನ ಭಾಷೆಯಲ್ಲಿ ಬೈದ. ಅತೇಯೋ ಯಾರಿಗೂ ತಿರುಗಿ ಅನ್ನಲಿಲ್ಲ. ನಾನು ಕಂಡಂತೆ ಅವನು ಬೈಸಿಕೊಂಡು ಸುಮ್ಮನಿದ್ದದ್ದು ಅದೇ ಮೊದಲು.

ದಿರ್ಚೆ ಹಿಮದ ಮೇಲೆ ಕಾಲು ಚಾಚಿ ಕೂತಿದ್ದಳು. ಮುಖ ಬಿಳುಚಿತ್ತು.

“ನೋವಿದೆಯಾ?”

“ಇದೆ.” ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಪ್ಯಾಂಟೆಲ್ಲ ಒದ್ದೆ, ಟೋಪಿ ಎಲ್ಲೋ ಬಿದ್ದುಹೋಗಿತ್ತು. “ನೀನ್ಯಾಕೆ ಮೇಲೆ ಬಂದೆ?”

“ಜೊತೆಗೆ ಇಳೀತೀನಿ ಅಂದಿದ್ನಲ್ಲ.”

“ಯಾವ ಕಾಲದಲ್ಲಿ ಅಂದಿದ್ದು ಅದು.”

“ತಡ ಆಯ್ತು. ದಿರ್ಚೆ, ನನಗೆ ಎತ್ತರ ಅಂದ್ರೆ ಭಯ.”

“ಗೊತ್ತು.”

“ಗೊತ್ತಿದ್ರೆ ಹೇಳೋದಲ್ವಾ?”

“ನಾನ್ಯಾಕೆ ಹೇಳ್ಲಿ? ಭಯ ನಿಂದು.”

ಪಕ್ಕದಲ್ಲಿ ದೋನ್ ಎರ್ಮೆಸ್ ಬಹಳ ಆಸಕ್ತಿಯಿಂದ ಎದುರು ಬೆಟ್ಟ ನೋಡುತ್ತ ನಿಂತಿದ್ದರು. ಅಷ್ಟರಲ್ಲಿ ರಕ್ಷಣೆಯ ಹುಡುಗಿ ಸ್ಲೆಡ್ಜು ಎಳೆದುಕೊಂಡು ಬಂದಳು. ಮಂಡಿ ಮುಟ್ಟಿ ನೋಡಿ, ಹಲಗೆ ಕಟ್ಟಿ, ದಿರ್ಚೆಯನ್ನು ಕಂಬಳಿಯಲ್ಲಿ ಸುತ್ತಿ ಸ್ಲೆಡ್ಜಿಗೆ ಬಿಗಿದಳು. ಅತೇಯೋ ತಾನೂ ಹತ್ತುತ್ತೇನೆಂದ.

“ಪೆಟ್ಟಾದವರಿಗೆ ಮಾತ್ರ ಇದು, ಯಜಮಾನ್ರೇ. ನೀವು ಅಂಚಿನಲ್ಲಿ ನಿಧಾನವಾಗಿ ನಡ್ಕೊಂಡು ಬನ್ನಿ.”

ಸ್ಲೆಡ್ಜು ಹೊರಟಿತು. ಅತೇಯೋ ಹತ್ತು ಹೆಜ್ಜೆ ನಡೆದ, ಬಿದ್ದ. ಎದ್ದ, ಮತ್ತೆ ಬಿದ್ದ. ಮೂರನೆಯ ಸಲ ಏಳುವ ಗೋಜಿಗೇ ಹೋಗಲಿಲ್ಲ. ಕೂತಲ್ಲೇ ಎರಡೂ ಕಾಲು ಮುಂದೆ ಚಾಚಿ, ಕೈಯಿಂದ ನೆಲ ತಳ್ಳಿದ. ಕಾರ್ಖಾನೆಯಿಂದ ಕೊಟ್ಟಿದ್ದ ಹಳೆಯ ಮಳೆಕೋಟು ತೊಟ್ಟಿದ್ದ. ಅದು ಗಾಜಿನ ಹಾಗೆ ನುಣುಪು. ನಾನು “ಅತೇಯೋ” ಎಂದು ಕೂಗುವಷ್ಟರಲ್ಲಿ ಅವನು ಸ್ಲೆಡ್ಜನ್ನು ಹಿಂದೆ ಹಾಕಿ ಹೋಗಿಬಿಟ್ಟಿದ್ದ. ಬಿಗಿದು ಕಟ್ಟಿದ ಕಂಬಳಿಯೊಳಗಿನಿಂದ ದಿರ್ಚೆ ನಗುವುದು ಬೆಟ್ಟಕ್ಕೆಲ್ಲ ಕೇಳಿಸಿತು.

ಕೆಳಗೆ ಆದದ್ದನ್ನು ಆಮೇಲೆ ಇವೋ ಹೇಳಿದ. ಬುಡದಲ್ಲಿ ಮೂರು ಗಂಟೆಯ ತುತ್ತೂರಿ ಆಗಷ್ಟೇ ಶುರುವಾಗಿತ್ತು. ಕುಂಡೆಯ ಮೇಲೆ ಕೂತು, ತೋಳು ಬೀಸುತ್ತ, ಗಂಟಲು ಹರಿಯುವಂತೆ ಕಿರುಚುತ್ತ ಬರುತ್ತಿದ್ದ ಮುದುಕನನ್ನು ಕಂಡು ಜನ ಎರಡು ಹೋಳಾಗಿ ದಾರಿ ಬಿಟ್ಟರು. ಅವನು ಬಾರಿನ ಮೊದಲ ಮೇಜಿಗೆ ಬಂದು ನಿಂತ. ತುತ್ತೂರಿ ನಿಂತಿತು. ಅತೇಯೋ ಮೇಜಿನ ಕಾಲು ಹಿಡಿದು ಎದ್ದು, ಹೆಂಡತಿ ಬಂದಳೇ ಎಂದು ಬೆಟ್ಟದ ಕಡೆ ತಿರುಗಿದ. ಮಳೆಕೋಟೂ ಪ್ಯಾಂಟೂ ಹಿಂದುಗಡೆ ದಾರಿಯಲ್ಲೇ ಸವೆದುಹೋಗಿದ್ದವು. ಒಳಚಡ್ಡಿ ಕೂಡ ಪಕ್ಷದ ಬಣ್ಣದ್ದೇ ಎಂದು ಊರಿಗೆ ಊರೇ ನೋಡಿತು. ಆಮೇಲೆ ಎದ್ದ ಚಪ್ಪಾಳೆಗೆ ಕಾನ್ವೆಂಟಿನ ಕಿಟಕಿಗಳು ತೆರೆದುಕೊಂಡವು.

ಊರಿನ ಡಾಕ್ಟರು ಮೂಳೆ ಮುರಿದಿಲ್ಲ, ಊತ ಇಳಿಯುತ್ತದೆ, ಆಪರೇಷನ್ ತಾರೀಕು ಬದಲಾಯಿಸಬೇಕಾಗಿಲ್ಲ ಎಂದರು. ಜೊತೆಗೆ ದಿರ್ಚೆಗೆ ಐದು ನಿಮಿಷ ಬೈದರು. ಅವಳು ಒಳ್ಳೆಯ ಹುಡುಗಿಯ ಹಾಗೆ ತಲೆಯಾಡಿಸಿದಳು. ಶುಕ್ರವಾರ ಪೂರ್ತಿ ಇಬ್ಬರೂ ಬಾರಿನ ಹೊರಗೆ ಬಿಸಿಲಿನಲ್ಲಿ ಕೂತಿದ್ದರು. ಅವಳ ಕಾಲು ಒಂದು ಕುರ್ಚಿಯ ಮೇಲೆ, ಅವನು ಕುಂಡೆಗೆ ದಿಂಬು ಹಾಕಿಕೊಂಡು ಇನ್ನೊಂದು ಕುರ್ಚಿಯ ಮೇಲೆ. ತುತ್ತೂರಿಯವರು ಅವರು ಕೇಳಿದ್ದನ್ನೆಲ್ಲ ನುಡಿಸಿದರು.

ಶನಿವಾರ ಬೆಳಿಗ್ಗೆ ಹೊರಟೆವು. ವ್ಯಾನಿನ ಹಿಂದಿನ ಸೀಟಿನಲ್ಲಿ ದಿರ್ಚೆಯನ್ನು ಉದ್ದಕ್ಕೆ ಮಲಗಿಸಿ, ಅವಳ ಕಾಲನ್ನು ಅತೇಯೋನ ತೊಡೆಯ ಮೇಲೆ ಇಟ್ಟೆವು. ನೋವಿನ ಮಾತ್ರೆಗೆ ಅವಳು ಕಣಿವೆ ದಾಟುವ ಮುನ್ನವೇ ನಿದ್ದೆಹೋದಳು. ವೆರೋನಾ ಬಳಿ ಇವೋ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ಎಲ್ಲರೂ ಇಳಿದು ಕಕ್ಕಸಿಗೆ ಹೋದರು. ಅತೇಯೋ ಕೂತೇ ಇದ್ದ.

“ಹೋಗ್ಬರಲ್ವಾ?” ಎಂದೆ.

“ಎದ್ದರೆ ಎಚ್ಚರ ಆಗುತ್ತೆ ಇವ್ಳಿಗೆ.”

“ಬೆಳಿಗ್ಗೆ ಮೂರು ಕಪ್ಪು ಕಾಫಿ ಕುಡಿದೀಯ.”

“ನೆನಪಿಸ್ಬೇಡ.”

ಬಸ್ಸಾರೋಲ ಮುಟ್ಟುವ ಹೊತ್ತಿಗೆ ಅವನ ಹಣೆಯಲ್ಲಿ ಬೆವರಿತ್ತು. ವ್ಯಾನು ನಿಂತು ದಿರ್ಚೆ ಕಣ್ಣುಬಿಟ್ಟ ಕೂಡಲೇ ಅವಳ ಕಾಲನ್ನು ಹೂವಿನ ಹಾಗೆ ಎತ್ತಿ ಪಕ್ಕಕ್ಕಿಟ್ಟು, ಬಾಗಿಲು ತೆರೆದು ಓಡಿದ. ಕ್ಲಬ್ಬಿಗೆ ಬೀಗ ಹಾಕಿತ್ತು, ಕೀ ನನ್ನ ಚೀಲದ ತಳದಲ್ಲಿತ್ತು. ಅವನು ರಸ್ತೆ ದಾಟಿ ಚರ್ಚಿನ ಗೋಡೆಗೆ ಮುಖಮಾಡಿ ನಿಂತ.

“ಅಲ್ಲಿ ಬೇಡ ಮಾರಾಯ,” ಎಂದು ದೋನ್ ಎರ್ಮೆಸ್ ಓಡಿಹೋಗಿ ತಮ್ಮ ಮನೆಯ ಬಾಗಿಲು ತೆಗೆದರು. “ಒಳಗೆ ಬಾ, ಎಡಗಡೆ ಎರಡನೇದು.”

ಆಪರೇಷನ್ ಹೇಳಿದ ದಿನಕ್ಕೇ ಆಯಿತು, ಚೆನ್ನಾಗಿಯೇ ಆಯಿತು. ಮೂರನೆಯ ದಿನ ನಾನು ನೋಡಲು ಹೋದಾಗ ದಿರ್ಚೆ ದಿಂಬಿಗೆ ಒರಗಿ ಕೂತು ವಾರ್ಡಿನ ಹೆಂಗಸರಿಗೆ ಮೊಂಟೆಸೋರ್ದೋದ ಕತೆ ಹೇಳುತ್ತಿದ್ದಳು. ತಾನು ಬಿದ್ದಲ್ಲಿಗೆ ಗಂಡ ಹಿಮ ತುಳಿದುಕೊಂಡು ಬಂದದ್ದು, ಆಮೇಲೆ ತನಗಿಂತ ಮೊದಲೇ ಬೆಟ್ಟ ಇಳಿದು ಬುಡದಲ್ಲಿ ಕಾಯುತ್ತ ನಿಂತದ್ದು. ಕೇಳುತ್ತಿದ್ದವರು ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದು ನಿಂತಿದ್ದ ಅತೇಯೋನನ್ನು ಹೊಸ ಕಣ್ಣಿನಿಂದ ನೋಡಿದರು. ಅವನು ಯಾವುದರ ಮೇಲೆ ಇಳಿದನೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.